ಗೆಳೆಯ ಮಿಲಿಟ್ರಿಗೆ ಹೊರಟಿದ್ದಾನೆ, ನನಗೆ ನಿದ್ದೆ ಬರ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 20 ವರ್ಷ. ಗದಗ ಜಿಲ್ಲೆಯ ಹಳ್ಳಿಯವನು, ಬಿ.ಕಾಂ ಓದುತ್ತಿದ್ದೇನೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಗೆಳೆಯ ಅಗ್ನಿವೀರ್ ಜನರಲ್ ಡ್ಯೂಟಿಗೆ, ಅಂದರೆ ಸೇನೆಯ ನಾಲ್ಕು ವರ್ಷದ ಸಿಪಾಯಿ ಕೆಲಸಕ್ಕೆ, ಆಯ್ಕೆಯಾಗಿದ್ದಾನೆ. ಇನ್ನು 25 ದಿನಕ್ಕೆ ಬೆಳಗಾವಿಗೆ ಟ್ರೇನಿಂಗ್‌ಗೆ ಹೋಗಬೇಕು. ಊರಲ್ಲಿ ಎಲ್ಲರೂ ಹಾರ ಹಾಕ್ತಿದ್ದಾರೆ. ನನಗೆ ಮಾತ್ರ ಸಂಕಟ. ನಾವು ಸಣ್ಣವರಿದ್ದಾಗ ಹಿಮದಡಿ ಸಿಕ್ಕಿಬಿದ್ದ ಸೈನಿಕ ಹನುಮಂತಪ್ಪ ಕೊಪ್ಪದ ಅವರ ಸುದ್ದಿಯನ್ನು ಇಬ್ಬರೂ ಒಟ್ಟಿಗೆ ಕೂತು ಟಿವಿಯಲ್ಲಿ ನೋಡಿದ್ದೆವು. ಈಗ ಕಣ್ಣು ಮುಚ್ಚಿದರೆ ಅದೇ ಹಿಮ ಕಾಣುತ್ತೆ. ‘ಬ್ಯಾಡ ಬಿಡೋ’ ಅಂದಿದ್ದಕ್ಕೆ ಎರಡು ವಾರದಿಂದ ಮಾತು ಬಿಟ್ಟಿದ್ದಾನೆ. ಅವನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ‘ನೀನಾರ ಹೇಳಪ್ಪಾ’ ಅಂತ ಅತ್ತರು. ಇನ್ನೊಬ್ಬ ಗೆಳೆಯ ಮುಂದಿನ ಭರ್ತಿ ರ‍್ಯಾಲಿಗೆ ತಯಾರಿ ಮಾಡ್ತಿದ್ದಾನೆ. ಓಡುವ ಮುಂಚೆ ನೋವಿನ ಇಂಜೆಕ್ಷನ್ ತಗೋತಾನೆ. ನಾನು ಹೇಡಿನಾ? ಇವನನ್ನು ತಡೀಬೇಕಾ? ಅವರಮ್ಮನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೆಳೆಯನಿಗೆ ಏನಾದರೂ ಆದರೆ ಅನ್ನುವ ಭಯ ಮೇಲೆಯೇ ಕಾಣುತ್ತೆ. ಅದರ ಕೆಳಗೆ ಇನ್ನೊಂದಿದೆ. ನಾನು ತಡೆಯದೆ ಬಿಟ್ಟು ಅವನಿಗೆ ಏನಾದರೂ ಆದರೆ ಅದು ನನ್ನ ತಪ್ಪು ಅನ್ನುವ ಭಯ. ಅವನ ತಾಯಿ ಅಡುಗೆಮನೆಯಲ್ಲಿ ಅತ್ತ ದಿನದಿಂದ ಅದು ಜಾಸ್ತಿಯಾಗಿರಬೇಕು. ಹೇಡಿ ಅನ್ನುವ ಮಾತನ್ನು ಇಲ್ಲಿಗೇ ಬಿಡಿ. ಸೇನೆಯ ವೈದ್ಯಕೀಯ ದಳದಲ್ಲಿ 22 ವರ್ಷ ಇದ್ದೆ. ಅಷ್ಟೂ ವರ್ಷ ನನ್ನ ಅವ್ವ ನೆಮ್ಮದಿಯಾಗಿ ಮಲಗಲಿಲ್ಲ. ಅವಳನ್ನು ಯಾರೂ ಹೇಡಿ ಅನ್ನಲಿಲ್ಲ.

ಹನುಮಂತಪ್ಪ ಕೊಪ್ಪದ ಅವರಿಂದಲೇ ಶುರು ಮಾಡ್ತೀನಿ. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಇವರೊಬ್ಬರು ಉಸಿರಾಡುತ್ತಾ ಸಿಕ್ಕರು. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಿಮ್ಮ ಮನಸ್ಸಿನಲ್ಲಿ ಕೂತಿರುವ ಈ ಸಾವನ್ನೇ ಇನ್ನೊಮ್ಮೆ ನೋಡಿ. ಅಲ್ಲಿ ಶತ್ರುವಿನ ಗುಂಡು ಇರಲಿಲ್ಲ. ಸಿಯಾಚಿನ್‌ನಲ್ಲಿ 2003ರ ನವೆಂಬರ್‌ನಿಂದ ಕದನ ವಿರಾಮ ಇದೆ. ಅಲ್ಲಿ ನಮ್ಮ ಹುಡುಗರ ಜೀವ ತೆಗೆಯುತ್ತಿರುವುದು ಚಳಿ, ಹಿಮ ಮತ್ತು ತೆಳು ಗಾಳಿ.

ಯುದ್ಧವಿಲ್ಲದ ವರ್ಷಗಳಲ್ಲಿ ಸೈನಿಕನಿಗೆ ಇರುವ ಅಪಾಯ ಹೆಚ್ಚಾಗಿ ಇಂಥದ್ದೇ. ರಸ್ತೆ ಅಪಘಾತ, ಹವಾಮಾನ, ಎತ್ತರದ ಕಾಯಿಲೆ, ಟ್ರೇನಿಂಗ್‌ನಲ್ಲಿ ಆಗುವ ಪೆಟ್ಟು, ಒಳಗೊಳಗೇ ಕುಗ್ಗುವ ಮನಸ್ಸು. ಸಿನಿಮಾದಲ್ಲಿ ತೋರಿಸುವ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ಒಂದೇ ರಾತ್ರಿ 20 ಜನರನ್ನು ಕಳೆದುಕೊಂಡೆವು. ಆದರೆ ಆ ಅಪಾಯವನ್ನು ನೀವಾಗಲಿ ನಾನಾಗಲಿ ತಪ್ಪಿಸೋಕೆ ಆಗಲ್ಲ. ಉಳಿದವುಗಳಲ್ಲಿ ಕೆಲವನ್ನು ಗದಗದ ಹಳ್ಳಿಯಲ್ಲಿ ಕೂತೇ ಒಂದಿಷ್ಟು ಕಡಿಮೆ ಮಾಡಬಹುದು. ಈ ಉತ್ತರ ಬರೆಯೋಕೆ ಕೂತಿದ್ದೇ ಅದಕ್ಕೆ.

ಊರಲ್ಲಿ ಹರಿದಾಡುವ ಎರಡು ಮಾತುಗಳನ್ನು ಮೊದಲು ನೋಡೋಣ. ‘ಅಗ್ನಿವೀರರನ್ನ ಗಡಿಗೆ ಕಳಸಂಗಿಲ್ಲ, ನಾಕು ವರ್ಷ ಸುಮ್ನೆ ಇದ್ದು ಬರ್ತಾರ’ ಅಂತ ಹೇಳಿ ಅವನ ತಾಯಿಯನ್ನು ಯಾರಾದರೂ ಸಮಾಧಾನ ಮಾಡಿರಬಹುದು. ಅದು ಸುಳ್ಳು. 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಒಬ್ಬ ಅಗ್ನಿವೀರ ಸಿಯಾಚಿನ್‌ನಲ್ಲಿ ಕರ್ತವ್ಯದಲ್ಲಿದ್ದಾಗ ತೀರಿಕೊಂಡ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಕಡೆಯ ದಾಳಿಗೆ ಗಡಿ ನಿಯಂತ್ರಣ ರೇಖೆಯಲ್ಲಿ ಬಲಿಯಾದವರಲ್ಲಿ ಆಂಧ್ರದ ಸತ್ಯಸಾಯಿ ಜಿಲ್ಲೆಯ ಅಗ್ನಿವೀರನೂ ಇದ್ದ. ಪಲ್ಟನ್‌ಗೆ (ಸೇನೆಯ ತುಕಡಿಗೆ) ಸೇರಿದ ಮೇಲೆ ಅಗ್ನಿವೀರ, ಹಳೇ ಸಿಪಾಯಿ ಅಂತ ಡ್ಯೂಟಿಯಲ್ಲಿ ಭೇದ ಇಲ್ಲ.

ಇನ್ನೊಂದು ಇದರ ಉಲ್ಟಾ. ‘ಟ್ರೇನಿಂಗ್ ಮುಗಿದ ಕೂಡ್ಲೆ ಹಿಮದಾಗ ಒಗೀತಾರ.’ ಇದೂ ನಿಜ ಅಲ್ಲ. ಕೆಲವು ತಿಂಗಳ ಟ್ರೇನಿಂಗ್ ಆದ ಮೇಲೆ ಅವನು ಒಂದು ಪಲ್ಟನ್‌ಗೆ ಹೋಗ್ತಾನೆ. ಆ ಪಲ್ಟನ್ ಆಗ ಶಾಂತ ಊರಲ್ಲಿ ಇರಬಹುದು, ಗಡಿಯಲ್ಲೂ ಇರಬಹುದು. ಕೆಲವು ವರ್ಷಕ್ಕೊಮ್ಮೆ ಜಾಗ ಬದಲಾಗುತ್ತೆ. ಎತ್ತರಕ್ಕೆ ಕಳಿಸುವಾಗ ಒಂದೇ ಸಲ ಹತ್ತಿಸುವುದಿಲ್ಲ. 9,000 ಅಡಿ ದಾಟಿದ ಮೇಲೆ ಆರು ದಿನ, 12,000 ಅಡಿ ದಾಟಿದ ಮೇಲೆ ನಾಲ್ಕು ದಿನ, 15,000 ಅಡಿ ದಾಟಿದ ಮೇಲೆ ಮತ್ತೆ ನಾಲ್ಕು ದಿನ ನಿಲ್ಲಿಸಿ ದೇಹವನ್ನು ಒಗ್ಗಿಸುತ್ತಾರೆ. ಬಿ.ಪಿ ನೋಡ್ತಾರೆ, ಉಸಿರು ನೋಡ್ತಾರೆ. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ಲೆಕ್ಕ ಸರಿ ಇದ್ದೂ ಕೆಲವೊಮ್ಮೆ ಕೈ ತಪ್ಪುತ್ತಿತ್ತು. ಯಾಕೆ ಅಂತ ಹೇಳ್ತೀನಿ.

ಲಡಾಖ್‌ನ ಒಂದು ಸಣ್ಣ ವೈದ್ಯಕೀಯ ಪೋಸ್ಟ್‌ನಲ್ಲಿ ನಾನಿದ್ದೆ. ತಗಡಿನ ಗುಡಿಸಲು, ನಡುವೆ ಬೆಚ್ಚಗಿಡುವ ಸೀಮೆಎಣ್ಣೆಯ ಒಲೆ, ಬುಖಾರಿ. ಒಬ್ಬ ಹುಡುಗ ಕೆಮ್ಮುತ್ತಾ ಬಂದ. ನನ್ನ ಸಹಾಯಕ ಹಿಂದಿಯಲ್ಲಿ ಕೇಳಿದ. ‘ಠೀಕ್ ಹೂಂ ಸಾಬ್, ಥೋಡಾ ಜುಕಾಮ್ ಹೈ’ ಅಂದ. ಹಿಂದಿನ ದಿನವೂ ಅದನ್ನೇ ಹೇಳಿ ಎರಡು ಮಾತ್ರೆ ತಗೊಂಡು ಹೋಗಿದ್ದನಂತೆ. ಚೀಟಿಯಲ್ಲಿ ಊರು ನೋಡಿದೆ, ಬಾಗಲಕೋಟೆ ಕಡೆ. ‘ಏನಾಗೇತೋ ತಮ್ಮಾ?’ ಅಂದೆ. ಅವನ ಮುಖ ಒಮ್ಮೆಲೇ ಇಳೀತು. ‘ಸರ್, ಎದಿ ಬಿಗೀತೈತ್ರಿ. ರಾತ್ರಿ ಮಲಗಾಕ ಆಗವಲ್ದು. ಕುಂತಾ ಇದ್ನಿ ರಾತ್ರಿಯೆಲ್ಲಾ’ ಅಂದ. ಅದು ನೆಗಡಿ ಅಲ್ಲ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ. ನಾವು ‘ಹೇಪೋ’ ಅಂತೀವಿ. ಆಮ್ಲಜನಕ ಕೊಟ್ಟು ಅವತ್ತೇ ಕೆಳಗೆ ಇಳಿಸಿದೆವು. ಬದುಕಿದ. ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ಏನಾಗ್ತಿತ್ತೋ ಹೇಳೋಕೆ ಬರಲ್ಲ.

ಅವನು ಯಾಕೆ ಮುಚ್ಚಿಟ್ಟ? ಕೆಲಸಗಳ್ಳ ಅಂತ ಹೆಸರು ಬರುತ್ತೆ ಅನ್ನುವ ಅಂಜಿಕೆ ಒಂದು. ಹಿಂದಿಯಲ್ಲಿ ‘ಠೀಕ್ ಹೂಂ’ ಅನ್ನೋದು ಸುಲಭ, ‘ಎದಿ ಬಿಗೀತೈತಿ’ ಅನ್ನೋದು ಕಷ್ಟ, ಅದು ಇನ್ನೊಂದು. ನಮ್ಮ ಕಡೆಯ ಹುಡುಗರಿಗೆ ಹಿಂದಿ ಬರುತ್ತೆ. ಆಜ್ಞೆ ಕೇಳೋಕೆ, ಲಂಗರ್‌ನಲ್ಲಿ ರೊಟ್ಟಿ ಕೇಳೋಕೆ ಸಾಕು. ನೋವು ಹೇಳೋಕೆ ಸಾಕಾಗಲ್ಲ. ಕನ್ನಡದಲ್ಲಿ ಸುಳ್ಳು ಹೇಳೋಕೆ ಆಗದಂಥ ಒಬ್ಬ ಅವನಿಗೆ ಬೇಕು. ನಿಮ್ಮ ಗೆಳೆಯನಿಗೆ ಆ ಒಬ್ಬ ನೀವೇ ಆಗಬೇಕು. ಈಗ ಮಾತು ಬಿಟ್ಟಿದ್ದಾನಲ್ಲ, ನನಗೆ ಅದೇ ಜಾಸ್ತಿ ಚಿಂತೆ.

ಹಾಗಾದರೆ ತಡೀಬೇಕಾ? ನನ್ನ ಅನುಭವದಲ್ಲಿ, ಆಯ್ಕೆಯಾದ ಹುಡುಗನನ್ನು ಹೊರಡುವ ಹೊತ್ತಿಗೆ ಗೆಳೆಯ ತಡೆದು ನಿಲ್ಲಿಸಿದ್ದು ನೋಡಿಲ್ಲ. ಗೆಳೆತನ ಒಡೆದದ್ದು ನೋಡಿದ್ದೇನೆ. ‘ಬ್ಯಾಡ’ ಅಂದ ಮನುಷ್ಯನ ಹತ್ತಿರ ಆಮೇಲೆ ಕಷ್ಟ ಹೇಳಿಕೊಳ್ಳೋಕೆ ಹೋದವನಿಗೆ ಆಗಲ್ಲ. ‘ನಾ ಅವತ್ತೇ ಹೇಳಿದ್ದೆ’ ಅಂತಾನೆ ಅನ್ನುವ ಮುಜುಗರ. ಹಾಗಂತ ಭಯ ನುಂಗಿಕೊಂಡು ನೀವೂ ಹಾರ ಹಾಕಿ ಸುಮ್ಮನಾದರೆ ಅದರಲ್ಲೂ ಅಪಾಯ ಇದೆ. ಊರೆಲ್ಲಾ ಹೊತ್ತು ಮೆರೆಸಿದ ಹುಡುಗ ಸೋತೆ ಅಂತ ಹೇಳೋಕೆ ಯಾರ ಹತ್ತಿರ ಹೋಗ್ತಾನೆ?

ಎರಡೇ ಸಂದರ್ಭದಲ್ಲಿ ಮಾತ್ರ ನಾನೂ ‘ನಿಲ್ಲು’ ಅಂತೀನಿ. ಫಿಟ್ಸ್, ಉಬ್ಬಸ, ಎದೆಯ ತೊಂದರೆ, ಇಂಥದ್ದೇನಾದರೂ ಇದ್ದು ಮೆಡಿಕಲ್‌ನಲ್ಲಿ ಮುಚ್ಚಿಟ್ಟು ಪಾಸಾಗಿದ್ದರೆ. ಅಥವಾ ಯಾವುದೋ ದಲ್ಲಾಳಿಗೆ ಲಕ್ಷಗಟ್ಟಲೆ ಸಾಲ ಮಾಡಿ ಕೊಟ್ಟು, ಆ ಸಾಲ ತೀರಿಸೋಕೆ ಅಂತಲೇ ಹೊರಟಿದ್ದರೆ. ಸೇನೆಯ ಭರ್ತಿಗೆ ದುಡ್ಡು ಕೊಡೋದು ಬೇಕಾಗೇ ಇಲ್ಲ. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಗ್ರೌಂಡ್, ಆಮೇಲೆ ಮೆಡಿಕಲ್. ದಲ್ಲಾಳಿ ಮಾಡೋದು ಇಷ್ಟೇ: ಹತ್ತು ಜನರಿಂದ ದುಡ್ಡು ತಗೋತಾನೆ, ತಾವಾಗೇ ಪಾಸಾದ ಇಬ್ಬರನ್ನು ತನ್ನ ಲೆಕ್ಕಕ್ಕೆ ಬರ್ಕೋತಾನೆ.

ಇವೆರಡೂ ಇಲ್ಲ ಅಂದರೆ ಇವತ್ತು ಸಂಜೆಯೇ ಅವನ ಮನೆಗೆ ಹೋಗಿ. ‘ನಾನು ಅಂದದ್ದು ಅಂಜಿ ಅಂದದ್ದು. ನೀನು ಹೋಗು. ಆದರ ನನಗ ಖರೆ ಹೇಳ್ಬೇಕು’ ಅಂತ ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಯಾಕೆ ಹೋಗ್ತಿದ್ದಿ? ಜವಾಬು ಏನೇ ಬಂದರೂ ತಿದ್ದಬೇಡಿ. ಎರಡೆಕರೆ ಒಣಬೇಸಾಯ ಇರುವ ಮನೆಗೆ ತಿಂಗಳ ಸಂಬಳ ಅಂದರೆ ಏನು ಅಂತ ಗದಗದವರಿಗೆ ನಾನು ಹೇಳಬೇಕಾಗಿಲ್ಲ. ಯೂನಿಫಾರ್ಮ್ ಮೇಲಿನ ಆಸೆಯೂ ಸುಳ್ಳಲ್ಲ. ನನಗೂ ಇತ್ತು.

ಇನ್ನು ಅವನು ಸಹಿ ಹಾಕುವ ಮುಂಚೆ ಇಬ್ಬರೂ ಕೂತು ಲೆಕ್ಕ ನೋಡಿ. ನೀವು ಬಿ.ಕಾಂ, ನಿಮಗೆ ಇದು ಸುಲಭ. 2022ರ ಜೂನ್‌ನಲ್ಲಿ ಅಗ್ನಿವೀರರ ಯೋಜನೆ ಘೋಷಣೆಯಾದಾಗ ಹೇಳಿದ್ದು ಹೀಗೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಕೈಗೆ ಬರೋದು 21,000. ನಾಲ್ಕನೇ ವರ್ಷಕ್ಕೆ 40,000. ಪ್ರತಿ ತಿಂಗಳು ಶೇ 30 ಸೇವಾ ನಿಧಿಗೆ ಹೋಗುತ್ತೆ, ಸರ್ಕಾರವೂ ಅಷ್ಟೇ ಹಾಕುತ್ತೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ವರ್ಷಕ್ಕೆ 30 ದಿನ ರಜೆ. ಗರಿಷ್ಠ ಶೇ 25 ಜನರನ್ನು ಮಾತ್ರ ಮುಂದಕ್ಕೆ ಇಟ್ಟುಕೊಳ್ತಾರೆ. ನಡುವೆ ಬೇಡ ಅನ್ನಿಸಿದರೆ ತಾನಾಗಿ ಬಿಟ್ಟು ಬರೋಕೆ ಅವಕಾಶ ಇಲ್ಲ. ತೀರಾ ವಿಶೇಷ ಸಂದರ್ಭದಲ್ಲಿ ಮೇಲಿನವರ ಒಪ್ಪಿಗೆ ಬೇಕು. ಇದನ್ನು ಬಹಳ ಹುಡುಗರು ಓದಿಯೇ ಇರಲ್ಲ.

ಕೆಟ್ಟ ಲೆಕ್ಕವನ್ನೂ ನೋಡಿ, ಕಷ್ಟ ಆದರೂ. ಸೇವೆಯಲ್ಲಿದ್ದಾಗ ಜೀವ ಹೋದರೆ 48 ಲಕ್ಷದ ವಿಮೆ. ಕರ್ತವ್ಯದ ಕಾರಣದಿಂದ ಆದರೆ ಇನ್ನೂ 44 ಲಕ್ಷ, ಜೊತೆಗೆ ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ. ಅಂಗವೈಕಲ್ಯ ಆದರೆ ಪ್ರಮಾಣಕ್ಕೆ ತಕ್ಕಂತೆ 44, 25 ಅಥವಾ 15 ಲಕ್ಷ ಒಂದೇ ಸಲಕ್ಕೆ. ಇಪ್ಪತ್ತರ ಹುಡುಗ ಕಾಲು ಕಳೆದುಕೊಂಡು ಬಂದರೆ ಜೀವಮಾನಕ್ಕೆ ತಿಂಗಳಾ ತಿಂಗಳಾ ಬರುವ ಪಿಂಚಣಿ ಇಲ್ಲ. ಈ ಒಂದು ವಿಷಯ ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಫಾರಂನಲ್ಲಿ ನಾಮಿನಿಯ ಹೆಸರು, ಆಧಾರ್‌ನಲ್ಲಿರುವ ಹೆಸರು, ತಾಯಿಯ ಬ್ಯಾಂಕ್ ಪಾಸ್‌ಬುಕ್‌ನಲ್ಲಿರುವ ಹೆಸರು ಮೂರೂ ಒಂದೇ ಅಕ್ಷರದಲ್ಲಿ ಇವೆಯಾ ಅಂತ ನೋಡಿ. ‘ಶಾಂತವ್ವ’ ಒಂದು ಕಡೆ, ‘ಶಾಂತಾ’ ಇನ್ನೊಂದು ಕಡೆ ಇದ್ದು, ದುಃಖದಲ್ಲಿರುವ ಹೆಂಗಸು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ನಿಮ್ಮ ಇನ್ನೊಬ್ಬ ಗೆಳೆಯ. ನಿಜ ಹೇಳಬೇಕು ಅಂದರೆ ಇವತ್ತಿನ ಮಟ್ಟಿಗೆ ಇಬ್ಬರಲ್ಲಿ ಹೆಚ್ಚು ಅಪಾಯದಲ್ಲಿರೋದು ಅವನೇ. ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಡಬೇಕು. ಐದೂವರೆ ನಿಮಿಷದ ಒಳಗೆ ಮುಗಿಸಿದರೆ ಪೂರ್ತಿ 60 ಅಂಕ ಅಂತ ಎಲ್ಲರೂ ಅದರ ಹಿಂದೆ ಬೀಳ್ತಾರೆ. ನೋವಿನ ಇಂಜೆಕ್ಷನ್ ಓಟವನ್ನು ಜೋರು ಮಾಡಲ್ಲ. ‘ಸಾಕು ನಿಲ್ಲು’ ಅಂತ ದೇಹ ಕೂಗುವ ದನಿಯನ್ನು ಮುಚ್ಚುತ್ತೆ, ಅಷ್ಟೇ. ಜೊತೆಗೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತೆ. ಬಿಸಿಲು, ಬೆವರು, ನೀರು ಕಡಿಮೆ, ಮೇಲೆ ಈ ಇಂಜೆಕ್ಷನ್. ದೇಹದ ಮೇಲೆ ಹೀಗೆ ಮಿತಿಮೀರಿ ಒತ್ತಡ ಹಾಕಿದರೆ ಸ್ನಾಯು ಒಡೆದು, ಅದರ ಕಸ ರಕ್ತಕ್ಕೆ ಸೇರಿ ಕಿಡ್ನಿ ಕಟ್ಟಿಕೊಳ್ಳುತ್ತೆ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಕೂರಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಯಾರು ಕೊಡ್ತಿದ್ದಾರೆ, ಅದರಲ್ಲಿ ಏನಿದೆ ಅಂತ ಅವನಿಗೇ ಗೊತ್ತಿರಲಿಕ್ಕಿಲ್ಲ. ಬಾಟಲಿಯ ಫೋಟೋ ತೆಗೆದುಕೊಂಡು ಹತ್ತಿರದ ಸರ್ಕಾರಿ ಡಾಕ್ಟರಿಗೆ ತೋರಿಸಿ.

ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚುವ ನೋವು ಇದ್ದರೆ ಅದನ್ನು ಇಬ್ಬರೂ ಅಲಕ್ಷ್ಯ ಮಾಡಬಾರದು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ. ವಿಶ್ರಾಂತಿ ಕೊಟ್ಟರೆ ವಾರಗಳಲ್ಲಿ ಕೂಡಿಕೊಳ್ಳುತ್ತೆ. ಹಾಗೇ ಓಡಿದರೆ ಪೂರ್ತಿ ಮುರಿಯುತ್ತೆ. ಟ್ರೇನಿಂಗ್‌ನಲ್ಲಿ ಇದನ್ನು ಮುಚ್ಚಿಡುವವರು ಬಹಳ, ಯಾಕಂದರೆ ಹಿಂದಿನ ಬ್ಯಾಚ್‌ಗೆ ಇಳಿಸ್ತಾರೆ ಅನ್ನುವ ಹೆದರಿಕೆ. ‘ಒಂದು ಬ್ಯಾಚ್ ಹಿಂದೆ ಬಿದ್ದರೆ ನಾನು ಯಾರಿಗೂ ಹೇಳಲ್ಲ, ಕಾಲು ತೋರಿಸು’ ಅಂತ ಈಗಲೇ ನಿಮ್ಮ ಗೆಳೆಯನಿಗೆ ಮಾತು ಕೊಡಿ. ಮತ್ತೆ, ಬೆಳಗಿನ ಐದು ಗಂಟೆಗೆ ಕತ್ತಲಲ್ಲಿ ಹೈವೇ ಪಕ್ಕ ಓಡೋದು ಬೇಡ. ಶಾಲೆಯ ಮೈದಾನ ಇದೆಯಲ್ಲ.

ಮನಸ್ಸಿನ ವಿಷಯಕ್ಕೆ ಬರೋಣ. 2022ರ ಮಾರ್ಚ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳಲ್ಲಿ 819 ಜನ ಆತ್ಮಹತ್ಯೆ ಮಾಡಿಕೊಂಡಿದ್ದರು. ಹೆದರಿಸೋಕೆ ಹೇಳ್ತಿಲ್ಲ. ಇದರ ಹಿಂದೆ ಒಂದೇ ಕಾರಣ ಅಂತ ಇರಲ್ಲ. ಆದರೆ ನನ್ನ ಹತ್ತಿರ ಕೂತು ಅತ್ತ ಹುಡುಗರಲ್ಲಿ ಬಹಳ ಜನ ಯುದ್ಧದ ಮಾತೇ ಆಡಲಿಲ್ಲ. ‘ಕಾಕಾ ಬದುವು ಒತ್ತಿದಾನ್ರಿ, ಅಪ್ಪಗ ಏನೂ ಮಾಡಾಕ ಆಗವಲ್ದು.’ ‘ಅವ್ವಗ ಆಪರೇಷನ್ ಆತಂತ, ನನಗ ಹೇಳೇ ಇಲ್ಲ.’ ಸಾಲ, ಮದುವೆಯ ಕಿರಿಕಿರಿ, ಫೋನಿನಲ್ಲಿ ಬೆಟ್ಟಿಂಗ್ ಆಡಿ ಕಳೆದ ದುಡ್ಡು. 2,000 ಕಿಲೋಮೀಟರ್ ದೂರದಲ್ಲಿ ಕೂತು ಏನೂ ಮಾಡೋಕಾಗದ ಸಂಕಟ ಅದು.

ಇಲ್ಲಿ ನೀವು ಮಾಡಬಹುದಾದದ್ದು ಬಹಳ ಇದೆ. ಅವನ ಅಪ್ಪನ ಜೊತೆ ಒಂದು ದಿನ ತಹಶೀಲ್ದಾರ್ ಕಚೇರಿಗೆ ಹೋಗಿ ಪಹಣಿ ತೆಗೆಸಿ ಕೊಡೋದು, ತಂಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬೋದು. ಇವು ಸಣ್ಣ ಕೆಲಸ ಅನ್ನಿಸಬಹುದು. ಗಡಿಯಲ್ಲಿ ನಿಂತವನಿಗೆ ಇದರಷ್ಟು ದೊಡ್ಡ ಸಹಾಯ ಬೇರೆ ಇಲ್ಲ. ಜಮೀನಿನ ತಕರಾರು ದೊಡ್ಡದಾದರೆ ಅವನ ಕಮಾಂಡಿಂಗ್ ಆಫೀಸರ್‌ಗೆ ಹೇಳಲಿ. ಅವರು ಜಿಲ್ಲಾಧಿಕಾರಿಗೆ ಪತ್ರ ಬರೀತಾರೆ.

ಟ್ರೇನಿಂಗ್‌ನ ಮೊದಲ ವಾರಗಳಲ್ಲಿ ಫೋನ್ ಕೈಗೆ ಸಿಗೋದು ಕಡಿಮೆ. ಉಸ್ತಾದರ (ಟ್ರೇನಿಂಗ್ ಕೊಡುವವರ) ಬೈಗುಳ, ರಗಡಾ ಅನ್ನುವ ಶಿಕ್ಷೆಯ ಕಸರತ್ತು, ನಿದ್ದೆಗೇಡು ಎಲ್ಲಾ ಇರುತ್ತೆ. ಫೋನ್ ಬರಲಿಲ್ಲ ಅಂತ ಗಾಬರಿ ಬೀಳಬೇಡಿ. ಸಿಕ್ಕಾಗ ‘ಹೆಂಗದೀ?’ ಅಂತ ಕೇಳಿದರೆ ‘ಆರಾಮ’ ಅಂತಾನೆ. ‘ಏನ್ ತಿಂದಿ? ಯಾವ ಕಡೆ ನೋವೈತಿ? ನಿನ್ನ ಬಡ್ಡಿ ಯಾರು, ಯಾವ ಊರಾಂವ?’ ಅಂತ ಕೇಳಿ. ಬಡ್ಡಿ ಅಂದರೆ ಜೋಡಿದಾರ. ಸೇನೆಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಇರ್ತಾನೆ. ಸಾಧ್ಯವಾದರೆ ಅವನ ನಂಬರ್ ಇಟ್ಟುಕೊಳ್ಳಿ. ಎಲ್ಲಿದ್ದೀಯ, ಎಷ್ಟು ಜನ ಇದ್ದೀರಿ ಅಂತ ಮಾತ್ರ ಕೇಳಬೇಡಿ. ಅವನ ಫೋಟೋವನ್ನು ಊರಿನ ಹೆಸರು, ಪಲ್ಟನ್ ಹೆಸರು ಹಾಕಿ ಸ್ಟೇಟಸ್‌ನಲ್ಲಿ ಇಡಬೇಡಿ.

ಸದಾ ಜೋಕ್ ಮಾಡುವವನು ತಿಂಗಳುಗಟ್ಟಲೆ ಒಂದು ಮಾತಿನಲ್ಲಿ ಮುಗಿಸ್ತಿದ್ದರೆ, ಸುಮ್ಮಸುಮ್ಮನೆ ಸಾಲ ಕೇಳಿದರೆ, ‘ನಾ ಇಲ್ಲಂದ್ರ ಅವ್ವನ್ನ ನೋಡ್ಕೋ’ ಅನ್ನುವಂಥ ಮಾತು ಬಂದರೆ ‘ಸಾಯಬೇಕು ಅನ್ಸಾಕತ್ತೈತೇನು?’ ಅಂತ ನೇರವಾಗಿ ಕೇಳಿಬಿಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೇಳಿಕೊಳ್ಳೋಕೆ ಬಾಗಿಲು ತೆರೆಯುತ್ತೆ. ಹೌದು ಅಂದರೆ ಫೋನ್ ಇಡಬೇಡಿ, ಇನ್ನೊಂದು ಫೋನಿನಿಂದ ಅವನ ಬಡ್ಡಿಗೆ ತಿಳಿಸಿ, ಅವನು ಪಕ್ಕಕ್ಕೆ ಹೋಗಲಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ನೋಡಿಕೊಳ್ಳುತ್ತೆ. ಸೈನಿಕರಿಗೆ ಅಂತಲೇ 2023ರ ಡಿಸೆಂಬರ್‌ನಿಂದ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಇದರ ಘಟಕವೂ ಇದೆ. ನಿದ್ದೆ ಬರದ ರಾತ್ರಿ ನೀವೂ ಆ ನಂಬರಿಗೆ ಫೋನ್ ಮಾಡಬಹುದು. ಇನ್ನೂ ಎರಡು ವಾರ ಹೀಗೇ ನಿದ್ದೆ ಕೆಟ್ಟರೆ ಡಾಕ್ಟರನ್ನು ನೋಡಿ. ಮಲಗುವ ಮುಂಚೆ ಆ ಹಿಮದ ವಿಡಿಯೋಗಳನ್ನು ನೋಡೋದು ಇವತ್ತಿನಿಂದಲೇ ಬಿಡಿ.

ನಾಲ್ಕು ವರ್ಷದ ಮೇಲೆ ಏನು ಅನ್ನೋದನ್ನು ಎಲ್ಲರೂ ಮರೀತಾರೆ. ನಾಲ್ವರಲ್ಲಿ ಮೂವರು 24-25ರ ವಯಸ್ಸಿಗೆ ಕೆಲಸ ಮುಗಿಸಿ ಊರಿಗೆ ಬರ್ತಾರೆ. ನೀವು ಆ ಹೊತ್ತಿಗೆ ಎಲ್ಲೋ ಕೆಲಸದಲ್ಲಿ ಇರ್ತೀರಿ, ಅವನು ಮತ್ತೆ ಶುರು ಮಾಡಬೇಕು. ಅಗ್ನಿವೀರರಿಗೆ ಅಂತ ಇಗ್ನೋ ಮೂಲಕ ಪದವಿ ಮಾಡುವ ವ್ಯವಸ್ಥೆ ಇದೆ. ಟ್ರೇನಿಂಗ್‌ನಲ್ಲಿ ಕಲಿತದ್ದಕ್ಕೂ ಅದರಲ್ಲಿ ಅಂಕ ಸಿಗುತ್ತೆ. ಸೇರಿದ ಮೇಲೆ ಅವನಿಗೆ ಅದು ನೆನಪಿರಲ್ಲ. ಅರ್ಜಿ ಯಾವಾಗ, ಪರೀಕ್ಷೆ ಯಾವಾಗ ಅಂತ ನೀವು ನೆನಪಿಸ್ತಾ ಇರಿ.

ಅವನ ತಾಯಿಗೆ ‘ಏನೂ ಆಗಂಗಿಲ್ಲ’ ಅಂತ ಹೇಳಬೇಡಿ. ಅದು ನಿಮ್ಮ ಕೈಯಲ್ಲಿ ಇಲ್ಲ, ಅವರಿಗೂ ಗೊತ್ತು. ‘ನಾ ಹೇಳಿದೆ ಚಿಗವ್ವಾ, ಅಂವ ಹೋಗಾಂವನ. ನಾ ಇಲ್ಲೇ ಇರ್ತೀನಿ’ ಅನ್ನಿ. ಭಾನುವಾರ ಅವನ ಫೋನ್ ಬರುವ ಹೊತ್ತಿಗೆ ಅವರ ಮನೆಗೆ ಹೋಗಿ. ಮೊದಲ ತಿಂಗಳು ಅವರಿಗೆ ವಿಡಿಯೋ ಕಾಲ್ ಹಚ್ಚೋಕೆ ಬರದೇ ಇರಬಹುದು. ಹಚ್ಚಿಕೊಟ್ಟು, ಅವನ ಮುಖ ಕಂಡ ಮೇಲೆ ಎದ್ದು ಕಟ್ಟೆಗೆ ಬಂದು ಕೂತುಕೊಳ್ಳಿ. ತಾಯಿ ಮಗ ಮಾತಾಡಿ ಮುಗಿದ ಮೇಲೆ ಫೋನ್ ನಿಮ್ಮ ಕೈಗೆ ಬರುತ್ತೆ.